ಸಾಕ್ಷಿ ಒಬ್ಬನೇ, ಅವನೂ ಎದುರಾಳಿ

ಶಹಾಪುರ ತಾಲೂಕಿನ ವನದುರ್ಗಕ್ಕೆ ಕೋಟೆ ನೋಡಲು ಬಂದವರು ಗೋಡೆ, ಬುರುಜು, ಬಾಗಿಲು ಎಲ್ಲ ನೋಡಿ ಮುಗಿಸಿದ ಮೇಲೆ ಊರವರನ್ನು ಕೇಳುವುದು ಹೆಚ್ಚಾಗಿ ಒಂದೇ ಮಾತು: “ರಾಣಿ ಎಲ್ಲಿ ಇರ್ತಿದ್ದಳ್ರೀ?” ರಾಜ ಎಲ್ಲಿ ಕೂತು ತೀರ್ಪು ಕೊಡುತ್ತಿದ್ದ, ಕಣಜ ಎಲ್ಲಿತ್ತು, ಮದ್ದಿನ ಮನೆ ಎಲ್ಲಿತ್ತು ಎಂದು ಕೇಳುವವರು ಕಡಿಮೆ. ಇದು ಸುರಪುರದ ನಾಯಕರ ಕೋಟೆ. ಬಂದವರಲ್ಲಿ ಒಂದಿಷ್ಟು ಇತಿಹಾಸ ಓದಿಕೊಂಡವರಿದ್ದರೆ ರಾಣಿ ಈಶ್ವರಮ್ಮನ ಹೆಸರು ಬಂದೇ ಬರುತ್ತದೆ. ಹೆಸರು ಬಂದ ಕೂಡಲೇ ದನಿ ತಗ್ಗುತ್ತದೆ. “ಆಕಿದು ಬ್ಯಾರೇನೇ ಕಥಿ ಐತ್ರೀ.”

ಆ ಬೇರೆ ಕಥೆ ಏನೆಂದರೆ, ಗಂಡ ತೀರಿಕೊಂಡ ಮೇಲೆ ರಾಣಿಗೆ ಪ್ರಿಯಕರರಿದ್ದರು, ಅವಳ ನಡತೆ ನೆಟ್ಟಗಿರಲಿಲ್ಲ, ಸಂಸ್ಥಾನ ಹಾಳಾದದ್ದೂ ಮಗ ದಾರಿ ತಪ್ಪಿದ್ದೂ ಅದರಿಂದಲೇ. ಸುಮಾರು ನೂರಾ ಎಂಬತ್ತು ವರ್ಷದ ಹಳೆಯ ಗಾಳಿಮಾತು ಇದು. ಗಾಳಿಮಾತಿಗೆ ಇಷ್ಟು ಆಯುಸ್ಸು ಸಾಮಾನ್ಯವಾಗಿ ಇರುವುದಿಲ್ಲ. ಊರ ಬಾಯಿಗೆ ಹೊಸ ಸುದ್ದಿ ಸಿಕ್ಕೊಡನೆ ಹಳೆಯದು ಸಾಯುತ್ತದೆ. ಇದು ಸಾಯಲಿಲ್ಲ, ಏಕೆಂದರೆ ಇದು ಒಂದು ಪುಸ್ತಕ ಸೇರಿಕೊಂಡಿತು. ಆ ಪುಸ್ತಕ ಬರೆದವನು ಯಾರು, ಯಾವಾಗ ಬರೆದ, ಬರೆಯುವಾಗ ಅವನು ಎಲ್ಲಿ ನಿಂತಿದ್ದ ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು.

ಸುರಪುರದ ಮನೆತನ ಸಣ್ಣದಲ್ಲ. 1705ರಲ್ಲಿ ಮುಪ್ಪಿನ ಔರಂಗಜೇಬ ತಾನೇ ಸೈನ್ಯದೊಡನೆ ಬಂದು ವಾಗಿನಗೇರಿಗೆ ಮುತ್ತಿಗೆ ಹಾಕಿದ್ದು ಈ ಬೇಡ ನಾಯಕರ ಮೇಲೆಯೇ. ಅವನ ಆಯುಷ್ಯದ ಕೊನೆಯ ದೊಡ್ಡ ದಂಡಯಾತ್ರೆ ಅದು. ಮುಂದೆ ಸುರಪುರ ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ನಿಜಾಮನ ಬಾಕಿ ಬೆಳೆಯುತ್ತ ಹೋಯಿತು. ಬಾಕಿಯ ಹಿಂದೆ ಹೈದರಾಬಾದಿನ ಇಂಗ್ಲಿಷ್ ರೆಸಿಡೆಂಟನ ಕಣ್ಣೂ ಈ ಕಡೆ ಬಿತ್ತು. ಹೊತ್ತಿಗೆ ಸರಿಯಾಗಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಉಳಿದವರು ಮೂವರು: ಇನ್ನೂ ಆಡುವ ವಯಸ್ಸಿನ ಮಗ ವೆಂಕಟಪ್ಪ, ಅವನ ತಾಯಿ ಈಶ್ವರಮ್ಮ, ತೀರಿಕೊಂಡ ರಾಜನ ತಮ್ಮ ಪಿಡ್ಡನಾಯಕ. ಮಗು ದೊಡ್ಡವನಾಗುವ ತನಕ ಆಡಳಿತ ತಾಯಿಯದೋ ಚಿಕ್ಕಪ್ಪನದೋ? ಜಗಳ ಅಲ್ಲಿ ಹುಟ್ಟಿತು.

ಈ ಜಗಳ ಬಗೆಹರಿಸಲು 1841ರ ಸುಮಾರಿಗೆ ಬಂದವನು ನಿಜಾಮನ ಸೈನ್ಯದಲ್ಲಿದ್ದ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್. ಕಳಿಸಿದವನು ರೆಸಿಡೆಂಟ್ ಜನರಲ್ ಫ್ರೇಜರ್. ಟೇಲರ್ ಸುರಪುರದಲ್ಲಿ 1853ರ ತನಕ ಇದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮಂಜಿಲ್ ಈಗಲೂ ನಿಂತಿದೆ. ಬೋನಾಳ ಕೆರೆಯನ್ನು ಸುಧಾರಿಸಿದ, ಬಾಲರಾಜನಿಗೆ ಇಂಗ್ಲಿಷ್ ಕಲಿಸಿದ, ವಿಭೂತಿಹಳ್ಳಿ, ರಾಜನಕೋಳೂರುಗಳ ಬೃಹತ್ ಶಿಲಾ ಗೋರಿಗಳನ್ನು ಅಳೆದು ಬರೆದಿಟ್ಟ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಈ ಭಾಗದ ಮಂದಿ ಟೇಲರನನ್ನು ಇಂದಿಗೂ ಪ್ರೀತಿಯಿಂದ ನೆನೆಯುವುದಕ್ಕೆ ಕಾರಣಗಳಿವೆ, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಒಂದೇ ವಿಷಯದಲ್ಲಿ.

ಅವನಿಗೆ ಸುರಪುರದಲ್ಲಿ ಒಪ್ಪಿಸಿದ ಕೆಲಸ ಯಾವುದು? ಆಡಳಿತವನ್ನು ರಾಣಿಯ ಕೈಯಿಂದ ಬಿಡಿಸುವುದು. ಆ ಕೆಲಸವನ್ನು ಮಾಡಿದ. ರಾಣಿ ಸುಮ್ಮನೆ ಬಿಟ್ಟುಕೊಡಲಿಲ್ಲ, ಬೇಡ ಪಡೆಯ ಒಂದು ಪಾಲು ಅವಳ ಬೆನ್ನಿಗಿತ್ತು. ವರ್ಷಗಟ್ಟಲೆ ಇಬ್ಬರ ನಡುವೆ ಎಳೆದಾಟ ನಡೆಯಿತು. ಅಂದರೆ ರಾಣಿಯ ಖಾಸಗಿ ಬದುಕಿನ ಬಗ್ಗೆ ನಮಗೆ ಸುದ್ದಿ ಮುಟ್ಟಿಸಿದವನು ಅವಳ ಅಧಿಕಾರವನ್ನು ಕಿತ್ತುಕೊಂಡವನೇ. ತಾಲೂಕು ಕೋರ್ಟಿನ ಜೂನಿಯರ್ ವಕೀಲನೂ ಇಂಥ ಸಾಕ್ಷಿಯನ್ನು ಪಾಟೀಸವಾಲಿಲ್ಲದೆ ಬಿಡುವುದಿಲ್ಲ.

ಇನ್ನು ಯಾವಾಗ ಬರೆದ ಎಂಬುದು. ಟೇಲರನ ಆತ್ಮಕಥೆ ‘ಸ್ಟೋರಿ ಆಫ್ ಮೈ ಲೈಫ್’ ಅಚ್ಚಾದದ್ದು 1877ರಲ್ಲಿ. ಅವನು 1876ರ ಮೇ ತಿಂಗಳಲ್ಲೇ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡಿದ್ದ. ಮಗಳು ಆಲಿಸ್ ಹಸ್ತಪ್ರತಿಯನ್ನು ತಿದ್ದಿ ಹೊರತಂದಳು, ಬಂಧು ಹೆನ್ರಿ ರೀವ್ ಮುನ್ನುಡಿ ಬರೆದ. ಟೇಲರ್ ಹಿಂದೂಸ್ತಾನದ ಕೆಲಸ ಬಿಟ್ಟು ಊರಿಗೆ ಮರಳಿದ್ದು 1860ರಲ್ಲಿ. ಎಂದರೆ ರಾಣಿಯೊಡನೆ ಗುದ್ದಾಡಿದ ದಿನಗಳಿಗೂ ಅದು ಪುಸ್ತಕವಾಗಿ ಓದುಗರ ಕೈಸೇರುವುದಕ್ಕೂ ನಡುವೆ ಮೂವತ್ತೈದು ವರ್ಷದ ಅಂತರ. ಆ ಹೊತ್ತಿಗೆ ಸುರಪುರ ಸಂಸ್ಥಾನವೇ ಇರಲಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದಿದ್ದ, ಫೆಬ್ರುವರಿಯಲ್ಲಿ ಸುರಪುರದ ಬಯಲಲ್ಲಿ ಕ್ಯಾಪ್ಟನ್ ನ್ಯೂಬರಿ, ಲೆಫ್ಟಿನೆಂಟ್ ಸ್ಟೂವರ್ಟ್ ಬಿದ್ದಿದ್ದರು, ಸಂಸ್ಥಾನವನ್ನು ಇಂಗ್ಲಿಷರು ಕಿತ್ತುಕೊಂಡು 1860ರ ಒಪ್ಪಂದದಲ್ಲಿ ನಿಜಾಮನಿಗೆ ಉಡುಗೊರೆಯಾಗಿ ಕೊಟ್ಟಿದ್ದರು. ಮಗನಂತೆ ಬೆಳೆಸಿದ ಹುಡುಗ ತನ್ನ ಜನರ ಮೇಲೆಯೇ ಕತ್ತಿ ಎತ್ತಿದ್ದಕ್ಕೆ ಮುದುಕ ಟೇಲರ್ ಲೋಕಕ್ಕೂ ತನಗೂ ಒಂದು ಕಾರಣ ಕೊಡಬೇಕಿತ್ತು. ತಾನು ಬೆಳೆಸಿದ್ದು ತಪ್ಪಾಯಿತು ಎನ್ನುವುದು ಕಷ್ಟ. ಇಂಗ್ಲಿಷರ ಆಳ್ವಿಕೆಯೇ ಅವನಿಗೆ ಬೇಡವಾಗಿತ್ತು ಎನ್ನುವುದು ಇನ್ನೂ ಕಷ್ಟ. ತಾಯಿಯ ನಡತೆ, ಕೆಟ್ಟ ಸಹವಾಸ ಎಂಬುದು ಎಲ್ಲರಿಗೂ ಅನುಕೂಲದ ಉತ್ತರ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ, ಸುರಪುರದ ಕಡೆ ಎಲ್ಲರೂ ಬಲ್ಲರು. ರಾಣಿ ಬಹಳ ಕಾಯಿಲೆ ಬಿದ್ದಾಗ ಅರಮನೆಯ ಶಾಸ್ತ್ರಿಯೊಬ್ಬರ ಮೂಲಕ ಟೇಲರನಿಗೆ ಬಾಲರಾಜನ ಜಾತಕದ ಗುಟ್ಟು ತಿಳಿಯುತ್ತದೆ: ಹುಡುಗ ಇಪ್ಪತ್ತನಾಲ್ಕನೆಯ ವಯಸ್ಸು ದಾಟುವುದಿಲ್ಲ. ಮುಂದೆ 1858ರಲ್ಲಿ ರಾಜನಿಗೆ ಮೊದಲು ಆದ ಮರಣದಂಡನೆ ಇಳಿಯುತ್ತ ಇಳಿಯುತ್ತ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಬಂದು ನಿಲ್ಲುತ್ತದೆ. ಜಾತಕ ಸುಳ್ಳಾಯಿತು ಎನ್ನುವಷ್ಟರಲ್ಲಿ, ಸೆರೆಮನೆಯ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸಾಯುತ್ತಾನೆ. ವಯಸ್ಸು ಇಪ್ಪತ್ತನಾಲ್ಕು.

ಈಗ ನೋಡಿ ನಾವು ಓದುವ ರೀತಿ. ಜಾತಕದ ಪ್ರಸಂಗ ಬಂದಾಗ ಕಾಲೇಜು ಕಲಿತವರು ನಗುತ್ತಾರೆ, ಟೇಲರ್ ಕಾದಂಬರಿಕಾರ ಅಲ್ಲವೇ, ಬಣ್ಣ ಕಟ್ಟಿದ್ದಾನೆ ಎನ್ನುತ್ತಾರೆ. ಪಿಸ್ತೂಲಿನ ಪ್ರಸಂಗ ಬಂದಾಗ ಸುರಪುರದವರು ಕೆರಳುತ್ತಾರೆ. ರಾಜ ತಾನೇ ಗುಂಡು ಹಾರಿಸಿಕೊಂಡನಂತೆ, ಇಲ್ಲವೇ ಗುಂಡು ತಾನಾಗಿ ಹಾರಿತಂತೆ! ಇಂಗ್ಲಿಷರ ಮಾತು ಯಾರು ನಂಬುತ್ತಾರೆ, ಕೊಂದವರು ಅವರೇ ಎನ್ನುವವರು ಇವತ್ತಿಗೂ ಇದ್ದಾರೆ. ಸರಿ, ಅನುಮಾನ ಪಡುವ ಹಕ್ಕು ಇದೆ. ಆದರೆ ಅದೇ ಪುಸ್ತಕದ, ಅದೇ ಲೇಖಕನ, ಅದೇ ಮನೆತನದ ಬಗೆಗಿನ ಮೂರನೆಯ ಮಾತು, ರಾಣಿಗೆ ಪ್ರಿಯಕರರಿದ್ದರು ಎಂಬುದು, ಬಂದಾಗ ನಗುವವರೂ ಇಲ್ಲ, ಕೆರಳುವವರೂ ಇಲ್ಲ. ಅಲ್ಲಿ ಎಲ್ಲರೂ ಟೇಲರನ ಪಕ್ಷ. ಮಗನ ಸಾವಿನ ವಿಷಯದಲ್ಲಿ ಸುಳ್ಳುಗಾರನಾದವನು ತಾಯಿಯ ಶೀಲದ ವಿಷಯದಲ್ಲಿ ಸತ್ಯಹರಿಶ್ಚಂದ್ರನಾಗುತ್ತಾನೆ. ಟೇಲರನನ್ನು ಬೈಯುವುದಕ್ಕಿಂತ ಮೊದಲು ನಮ್ಮ ಈ ಗುಣವನ್ನು ನೋಡಿಕೊಳ್ಳಬೇಕು.

ಹಾಗಾದರೆ ಅವನು ಬರೆದದ್ದೆಲ್ಲ ಕಟ್ಟುಕಥೆಯೇ? ಹಾಗೆಂದು ನಾನು ಹೇಳುತ್ತಿಲ್ಲ. ವಯಸ್ಸಿನ್ನೂ ಇದ್ದ ವಿಧವೆ, ಕೈಯಲ್ಲಿ ಅಧಿಕಾರವಿದ್ದವಳು, ಯಾರನ್ನಾದರೂ ಮೆಚ್ಚಿಕೊಂಡಿದ್ದರೂ ಇರಬಹುದು. ಈ ಸೀಮೆಯ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳು ಕೂಡಿಕೆ ಮಾಡಿಕೊಂಡು ಇನ್ನೊಬ್ಬನ ಜೊತೆ ಬಾಳುವುದು ಮುಚ್ಚಿಟ್ಟುಕೊಳ್ಳುವ ಸಂಗತಿಯೇ ಆಗಿರಲಿಲ್ಲ. ಸುರಪುರದ ಅರಸರ ಮನೆಯಲ್ಲಿ ಹತ್ತಾರು ಹೆಂಗಸರನ್ನು ಇಟ್ಟುಕೊಂಡ ಗಂಡಸರ ಬಗ್ಗೆ ಯಾರೂ ದನಿ ತಗ್ಗಿಸಿ ಮಾತಾಡುವುದಿಲ್ಲ, ಅದನ್ನು ವೈಭವದ ಲೆಕ್ಕಕ್ಕೆ ಸೇರಿಸುತ್ತೇವೆ. ಪ್ರಶ್ನೆ ಇರುವುದು ಬೇರೆ ಕಡೆ. ರಾಣಿಗೆ ಪ್ರಿಯಕರನಿದ್ದನೋ ಇಲ್ಲವೋ ಎಂಬುದು ಆಡಳಿತ ಯಾರ ಕೈಯಲ್ಲಿರಬೇಕು ಎಂಬ ತೀರ್ಮಾನದೊಳಗೆ ಹೇಗೆ ಬಂದು ಕೂತಿತು?

ಇದಕ್ಕೆ ಉತ್ತರ ಸುರಪುರದ ಒಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಅದೇ 1840ರ ದಶಕದಲ್ಲಿ ಲಾಹೋರಿನಲ್ಲಿ ಏನು ನಡೆಯುತ್ತಿತ್ತು ನೋಡಿ. ಮಹಾರಾಜ ರಣಜಿತ್ ಸಿಂಗ್ 1839ರಲ್ಲಿ ತೀರಿಕೊಂಡ. ಕೊನೆಗೆ ಗಾದಿ ಏರಿದ್ದು ಐದು ವರ್ಷದ ದಲೀಪ್ ಸಿಂಗ್, ಆಡಳಿತ ನಡೆಸಿದ್ದು ತಾಯಿ ಜಿಂದಾನ್ ಕೌರ್. ಮಂತ್ರಿ ಲಾಲ್ ಸಿಂಗ್ ಅವಳ ಪ್ರಿಯಕರ ಎಂಬ ಮಾತನ್ನು ಇಂಗ್ಲಿಷ್ ಅಧಿಕಾರಿಗಳು ಕಾಗದ ಕಾಗದದಲ್ಲೂ ಬರೆದರು. ರೋಮಿನ ಚಕ್ರವರ್ತಿ ಕ್ಲಾಡಿಯಸನ ಹೆಂಡತಿ ಮೆಸ್ಸಲೀನಾ ನಡತೆಗೆಟ್ಟವಳೆಂದು ಹೆಸರಾದವಳು. ಜಿಂದಾನಳಿಗೆ ಪಂಜಾಬಿನ ಮೆಸ್ಸಲೀನಾ ಎಂದು ಹೆಸರಿಟ್ಟರು. 1846ರ ಡಿಸೆಂಬರಿನ ಭೈರೋವಾಲ್ ಒಪ್ಪಂದದಲ್ಲಿ ಅವಳ ಕೈಯಿಂದ ಆಡಳಿತ ಹೋಯಿತು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಗೊತ್ತುಮಾಡಿದರು. 1847ರಲ್ಲಿ ಮಗನಿಂದ ದೂರ ಮಾಡಿ ಶೇಖುಪುರದ ಕೋಟೆಗೆ ಕಳಿಸಿದರು. 1849ರಲ್ಲಿ ಪಂಜಾಬ್ ಕಂಪನಿಯದಾಯಿತು. ತಾಯಿ ಮಗ ಮತ್ತೆ ಮುಖ ನೋಡಿದ್ದು 1861ರಲ್ಲಿ, ಕಲ್ಕತ್ತೆಯಲ್ಲಿ. ವಿಧವೆ ತಾಯಿ, ಎಳೆಯ ಮಗ, ಬಾಗಿಲಲ್ಲಿ ಇಂಗ್ಲಿಷ್ ಅಧಿಕಾರಿ, ಅಷ್ಟೊತ್ತಿಗೆ ಹಬ್ಬುವ ಪ್ರಿಯಕರನ ಸುದ್ದಿ. ಸುರಪುರಕ್ಕೂ ಲಾಹೋರಿಗೂ ನಡುವೆ ಸಾವಿರ ಮೈಲಿಗೂ ಹೆಚ್ಚು, ಸುದ್ದಿಯ ಮಾದರಿ ಮಾತ್ರ ಒಂದೇ.

ಇಂಗ್ಲಿಷರೇ ಇದನ್ನು ಹುಟ್ಟುಹಾಕಿದರು ಎಂದುಕೊಳ್ಳುವುದೂ ಬೇಡ. ಅದಕ್ಕೂ ಮೊದಲು ಕೆಳದಿಯ ವೀರಮ್ಮಾಜಿಯ ಮೇಲೆ ಇದೇ ಮಾತು ಬಂದಿತ್ತು. ಗಂಡ ಬಸಪ್ಪ ನಾಯಕ 1755ರಲ್ಲಿ ತೀರಿಕೊಂಡ, ದತ್ತುಮಗ ಚೆನ್ನಬಸಪ್ಪ ಎರಡು ವರ್ಷದಲ್ಲಿ ಸತ್ತ. ರಾಣಿಗೆ ಅರಮನೆಯ ಒಬ್ಬನ ಜೊತೆ ಸಂಬಂಧವಿತ್ತು, ಅದನ್ನು ವಿರೋಧಿಸಿದ ಹುಡುಗನನ್ನು ಕೊಲ್ಲಿಸಿದಳು ಎಂಬುದು ಕಥೆ. ಆಮೇಲೆ ಹೈದರಾಲಿಯ ಬಳಿಗೆ ನಾನೇ ಚೆನ್ನಬಸಪ್ಪ, ಸತ್ತಿಲ್ಲ ಎಂದು ಒಬ್ಬ ಬಂದ. ಅವನನ್ನು ಮುಂದಿಟ್ಟುಕೊಂಡು ಹೈದರ್ 1763ರಲ್ಲಿ ಬಿದನೂರನ್ನು ಹಿಡಿದ, ರಾಣಿಯನ್ನು ಮಧುಗಿರಿಯ ಸೆರೆಗೆ ಹಾಕಿದ. ಮರಾಠರು ಬಿಡಿಸಿಕೊಂಡು ಹೋಗುವಾಗ ಪುಣೆಯ ದಾರಿಯಲ್ಲಿ ಅವಳು ಸತ್ತಳು. ಆ ಪ್ರಿಯಕರನ ಕಥೆಯನ್ನು 1810ರಲ್ಲಿ ಪುಸ್ತಕಕ್ಕೆ ಸೇರಿಸಿದವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಕಥೆಯಿಂದ ಲಾಭ ಆದದ್ದು ಯಾರಿಗೆ? ಬಿದನೂರಿನ ಖಜಾನೆ ಕೈಗೆ ಬಂದವನಿಗೆ. ಒಂದು ರಾಜ್ಯವನ್ನು ನುಂಗುವಾಗ ಅದು ಅನ್ಯಾಯವಾಗಿ ಕಾಣದಿರಲು, ನುಂಗಿದ್ದು ಒಬ್ಬ ಕೆಟ್ಟ ಹೆಂಗಸಿನ ಕೈಯಿಂದ ಬಿಡಿಸಿದಂತೆ ಕಾಣಬೇಕು.

ಗಂಡಸಿನ ಪ್ರೇಮದ ಸುದ್ದಿಯೂ ಹೈದರಾಬಾದಿನಲ್ಲಿ ಒಮ್ಮೆ ಸರ್ಕಾರದ ಕಡತ ಸೇರಿತ್ತು. ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ನಿಜಾಮನ ದರ್ಬಾರಿನ ಶ್ರೀಮಂತ ಮನೆತನದ ಖೈರುನ್ನಿಸಾ ಬೇಗಮಳನ್ನು ಮದುವೆಯಾದ ಸುದ್ದಿ ಹಬ್ಬಿ, ಅವನ ಮೇಲೆ ವಿಚಾರಣೆ ನಡೆಯಿತು. ಕೆಲಸ ಹೋಗಲಿಲ್ಲ, 1805ರಲ್ಲಿ ಸಾಯುವ ತನಕ ರೆಸಿಡೆಂಟನಾಗಿಯೇ ಇದ್ದ. ಊರು ಬಿಟ್ಟು ಮಚಲಿಪಟ್ಟಣದಲ್ಲಿ ದಿನ ಕಳೆಯಬೇಕಾಗಿ ಬಂದದ್ದು ಬೇಗಮಳಿಗೆ, ಅವನು ಸತ್ತ ಮೇಲೆ ಹಬ್ಬಿದ ಇನ್ನೊಂದು ಸುದ್ದಿಗಾಗಿ. ಟೇಲರನ ಹೆಂಡತಿ ಮೇರಿ ಕೂಡ ಇಂಥದೇ ಒಂದು ಮನೆಯವಳು. ಅವಳ ತಂದೆ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್, ಇಂಗ್ಲಿಷ್ ಜನರಲ್ಲನಿಗೂ ಫೈಜ್ ಬಕ್ಷ್ ಬೇಗಮಳಿಗೂ ಹುಟ್ಟಿದವನು. ಜಾತಿ, ಧರ್ಮ, ಬಣ್ಣ ಮೀರಿದ ಪ್ರೇಮದ ಮೇಲೆ ಲೋಕ ಏನೆಲ್ಲ ಆಡುತ್ತದೆ ಎಂಬುದು ಟೇಲರನಿಗೆ ಮಾವನ ಮನೆಯಿಂದಲೇ ಗೊತ್ತಿತ್ತು.

ಆದ್ದರಿಂದಲೇ ಅವನ ಕಾದಂಬರಿಗಳನ್ನು ಪಕ್ಕಕ್ಕೆ ಇಟ್ಟುಕೊಂಡು ಆತ್ಮಕಥೆ ಓದಿದರೆ ಸೋಜಿಗ. 1863ರ ‘ತಾರಾ’ ಕಾದಂಬರಿಯ ನಾಯಕಿ ಬ್ರಾಹ್ಮಣ ಬಾಲವಿಧವೆ. ಅಫಜಲಖಾನನ ಮಗ ಫಾಜಿಲನನ್ನು ಅವಳು ಪ್ರೀತಿಸುತ್ತಾಳೆ, ಲೇಖಕ ಅವರನ್ನು ಒಂದುಗೂಡಿಸುತ್ತಾನೆ. 1872ರ ‘ಸೀತಾ’ದ ನಾಯಕಿಯೂ ವಿಧವೆ. ಅವಳು ಇಂಗ್ಲಿಷ್ ಅಧಿಕಾರಿಯೊಬ್ಬನ ಕೈಹಿಡಿಯುತ್ತಾಳೆ. ಆ ಕಾಲದ ಇಂಗ್ಲಿಷ್ ಓದುಗರ ಮುಂದೆ ಹೀಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು, ಅದು ಅವನಲ್ಲಿತ್ತು. ಕಥೆಯಲ್ಲಿ ವಿಧವೆಯ ಎರಡನೆಯ ಒಲವಿಗೆ ಇಷ್ಟು ಮರುಗಿದ ಮನುಷ್ಯನಿಗೆ ಸುರಪುರದ ಅರಮನೆಯಲ್ಲಿ ಮಾತ್ರ ಮರುಕ ಬರಲಿಲ್ಲ. ತಾರಾಳ ಕೈಯಲ್ಲಿ ಸಂಸ್ಥಾನದ ಮುದ್ರೆ ಇರಲಿಲ್ಲ, ಈಶ್ವರಮ್ಮನ ಕೈಯಲ್ಲಿ ಇತ್ತು. ವ್ಯತ್ಯಾಸ ಅಷ್ಟೇ ಎಂದು ನನಗೆ ತೋರುತ್ತದೆ.

ಇದೇ ಟೇಲರ್ ಕೊನೆಗಾಲದಲ್ಲಿ ಚಾಂದಬೀಬಿಯ ಮೇಲೂ ಕಾದಂಬರಿ ಬರೆದ. ‘ಎ ನೋಬಲ್ ಕ್ವೀನ್’, ಆತ್ಮಕಥೆಯ ಮರುವರ್ಷ, 1878ರಲ್ಲಿ ಬಂತು. ಚಾಂದಬೀಬಿಯೂ ವಿಧವೆಯೇ. ಗಂಡ, ಬಿಜಾಪುರದ ಅಲಿ ಆದಿಲ್‌ಶಹಾ 1580ರಲ್ಲಿ ಕೊಲೆಯಾದ ಮೇಲೆ ಎಳೆಯ ಇಬ್ರಾಹಿಮನ ಪರವಾಗಿ ಆಡಳಿತ ನೋಡಿಕೊಂಡವಳು. ಅಹ್ಮದನಗರದ ತವರಿನವರಿಗೆ ಗುಟ್ಟು ಬಿಟ್ಟುಕೊಡುತ್ತಿದ್ದಾಳೆ ಎಂದು ಹೇಳಿ ಕಿಶ್ವರ್‌ಖಾನ್ ಅವಳನ್ನು ಸಾತಾರದ ಕೋಟೆಗೆ ತಳ್ಳಿದ. ಇಪ್ಪತ್ತು ವರ್ಷದ ಮೇಲೆ, 1600ರಲ್ಲಿ, ಅಹ್ಮದನಗರದಲ್ಲಿ ಮೊಘಲರೊಡನೆ ಒಳಸಂಧಾನ ಮಾಡಿಕೊಂಡಿದ್ದಾಳೆ ಎಂಬ ಸುದ್ದಿ ಹಬ್ಬಿಸಿ ತನ್ನವರೇ ನುಗ್ಗಿ ಕೊಂದರು. ಎರಡು ಸಲವೂ ಸುದ್ದಿ ಹಬ್ಬಿಸಿದವನು ಅಧಿಕಾರಕ್ಕೆ ಅವಳೊಡನೆ ಪೈಪೋಟಿಗೆ ಇದ್ದವನೇ. ಟೇಲರ್ ಇದನ್ನು ಬಲ್ಲವನು, ಅವಳ ಪರವಾಗಿ ನಿಂತು ಇಡೀ ಕಾದಂಬರಿ ಬರೆದವನು.

ಈಗಿನ ಮಾತಿಗೆ ಬಂದರೆ, ಸುರಪುರದ ಮನೆತನದ ರಾಜಕೀಯ 1858ಕ್ಕೆ ಮುಗಿಯಲಿಲ್ಲ. ಅದೇ ಹೆಸರಿನ ರಾಜಾ ವೆಂಕಟಪ್ಪ ನಾಯಕರು ಸುರಪುರದಿಂದ ನಾಲ್ಕು ಸಲ ವಿಧಾನಸಭೆಗೆ ಹೋದರು. ಅವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ನಡೆದ ಉಪಚುನಾವಣೆಯಲ್ಲಿ ಮಗ ರಾಜಾ ವೇಣುಗೋಪಾಲ ನಾಯಕರು ಗೆದ್ದರು. ಹಳೆಯ ಅರಸು ಮನೆ ಇಂದು ಮತಪೆಟ್ಟಿಗೆಯ ಮನೆ. ರಾಜ್ಯದಲ್ಲಿ ಇಂಥ ರಾಜಕೀಯ ಮನೆತನಗಳು ಎಷ್ಟಿಲ್ಲ? ಚುನಾವಣೆ ಹತ್ತಿರ ಬಂತೆಂದರೆ ಅವರ ಮನೆಯ ಹೆಣ್ಣುಮಕ್ಕಳ, ಸೊಸೆಯಂದಿರ ಮೇಲೆ ಮೊಬೈಲಿನಲ್ಲಿ ಹರಿದಾಡುವ ಸುದ್ದಿಗೆ ಲೆಕ್ಕವಿಲ್ಲ. ಒಂದನ್ನೂ ಇಲ್ಲಿ ಎತ್ತಿ ಆಡಲಾರೆ. ಚಾದಂಗಡಿಯಲ್ಲಿ ಎಲ್ಲರೂ ಆಡುವ ಮಾತನ್ನು ಪತ್ರಿಕೆಯಲ್ಲಿ ಬರೆದರೆ ತಪ್ಪೇನು ಎನ್ನುವವರಿಗೆ ಕಾನೂನಿನ ಒಂದು ಸಂಗತಿ ತಿಳಿದಿದ್ದರೆ ಒಳ್ಳೆಯದು. 2024ರ ಜುಲೈ 1ರಿಂದ ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಮೊದಲು ಅದು ದಂಡ ಸಂಹಿತೆಯ 499 ಆಗಿತ್ತು. ಸತ್ತವರ ಮೇಲೆ ಆಡಿದ ಮಾತೂ, ಅವರು ಬದುಕಿದ್ದರೆ ಮಾನ ಹೋಗುವಂಥದ್ದಾಗಿದ್ದು ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಆಡಿದ್ದಾದರೆ, ಮಾನಹಾನಿಯಾಗಬಹುದು ಎಂದು ಹಳೆಯ ಕಾನೂನೂ ಹೇಳಿತ್ತು, ಹೊಸದೂ ಹೇಳುತ್ತದೆ. ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳಿದೆ ಎಂಬುದು ಬಚಾವಿಗೆ ಬರುವುದಿಲ್ಲ.

ಈಶ್ವರಮ್ಮನ ವಿಷಯದಲ್ಲಿ ಆಗಬೇಕಾದದ್ದು ಕೋರ್ಟಿನ ಕೆಲಸವಲ್ಲ, ದಫ್ತರಿನ ಕೆಲಸ. ಸುರಪುರಕ್ಕೂ ಹೈದರಾಬಾದಿಗೂ ನಡುವೆ ಕಾಗದಗಳು ಓಡಾಡಿದ ಕಾಲ ಅದು. ನಿಜಾಮರ ದಫ್ತರು ಇಂದು ತೆಲಂಗಾಣದ ರಾಜ್ಯ ಪತ್ರಾಗಾರದಲ್ಲಿದೆ, ರೆಸಿಡೆನ್ಸಿಯ ಕಡತಗಳು ದೆಹಲಿ, ಲಂಡನ್ನಿನಲ್ಲಿವೆ. ಅಲ್ಲಿ ಹುಡುಕಬೇಕಾದದ್ದು ರಾಣಿಯ ಅಂತಃಪುರಕ್ಕೆ ಯಾರು ಬಂದು ಹೋದರು ಎಂಬುದನ್ನಲ್ಲ. ರಾಣಿಯ ಮುದ್ರೆ ಒತ್ತಿದ ಕಾಗದ ಎಷ್ಟು, ಯಾರಿಗೆ ಇನಾಮು ಬಿಟ್ಟಳು, ಯಾವ ನಾಯಕವಾಡಿಯ ಸಂಬಳ ನಿಲ್ಲಿಸಿದಳು, ನಿಜಾಮನ ಬಾಕಿಗೆ ಏನು ಉತ್ತರ ಬರೆಸಿದಳು, ಪಿಡ್ಡನಾಯಕ ಅವಳ ಮೇಲೆ ಕೊಟ್ಟ ಫಿರ್ಯಾದಿನಲ್ಲಿ ಏನಿತ್ತು. ಫಾರ್ಸಿ, ಮೋಡಿ ಬಲ್ಲ ಒಬ್ಬ ಹುಡುಗಿ ಕಲಬುರಗಿಯ ವಿಶ್ವವಿದ್ಯಾಲಯದಿಂದ ಹೊರಟು ಎರಡು ಮೂರು ವರ್ಷ ಕೂತರೆ, ವನದುರ್ಗದ ಕೋಟೆಯಲ್ಲಿ ರಾಣಿ ಎಲ್ಲಿ ಇರುತ್ತಿದ್ದಳು ಎಂದು ಕೇಳಿದವರಿಗೆ ರಾಣಿ ಏನು ಮಾಡುತ್ತಿದ್ದಳು ಎಂಬುದಕ್ಕಾದರೂ ಉತ್ತರ ಸಿಕ್ಕೀತು. ಫಾರ್ಸಿ ಕಲಿಸುವವರು ಸಿಗಬೇಕಷ್ಟೇ.